ಹದಿನೆಂಟು ಮಾತ್ರೆಯ ಜಗಳ

ಜಾಝ್-ರಾಕ್ ಕೇಳುವವರು ಇಬ್ಬರು ಒಂದೆಡೆ ಸೇರಿದರೆ ಮಾತು ಹರಿದು ಹೋಗಿ ನಿಲ್ಲುವುದು ಒಂದೇ ಜಗಳದಲ್ಲಿ. ಈ ಸಂಗೀತದ ಎಲ್ಲ ಬ್ಯಾಂಡುಗಳಲ್ಲಿ ದೊಡ್ಡದು ಯಾವುದು? ಒಬ್ಬ ಮಹಾವಿಷ್ಣು ಆರ್ಕೆಸ್ಟ್ರಾ ಅನ್ನುತ್ತಾನೆ. ಇನ್ನೊಬ್ಬ ವೆದರ್ ರಿಪೋರ್ಟ್ ಇರುವಾಗ ಬೇರೆ ಹೆಸರು ಯಾಕೆ ಎಂದು ಕೈ ಎತ್ತುತ್ತಾನೆ. ಮೂರನೆಯವನು ಬಂದರೆ ರಿಟರ್ನ್ ಟು ಫಾರೆವರ್, ನಾಲ್ಕನೆಯವನಿಗೆ ಹರ್ಬಿ ಹ್ಯಾನ್‌ಕಾಕ್ ಕಟ್ಟಿದ ಹೆಡ್‌ಹಂಟರ್ಸ್. ಐವತ್ತು ವರ್ಷಗಳಿಂದ ನಡೆದುಬಂದ ಈ ವಾದ ನ್ಯೂಯಾರ್ಕ್, ಲಂಡನ್, ಬೆಂಗಳೂರುಗಳಿಗೆ ಮಾತ್ರ ಸೇರಿದ್ದಲ್ಲ. ಬೇಕಾದ ಹಾಡು ಮೊಬೈಲಿನಲ್ಲೇ ಸಿಗುವ ಈ ಕಾಲದಲ್ಲಿ ದೇವದುರ್ಗದಲ್ಲಿ ಕೂತವನೂ ಇದರಲ್ಲಿ ಬಾಯಿ ಹಾಕಬಹುದು. ನಾನು ಹಾಕುತ್ತಲೇ ಬಂದಿದ್ದೇನೆ. ಆದರೆ ನಮ್ಮ ಕಡೆ ರಾತ್ರಿಯಿಡೀ ಭಜನೆ ಕೇಳಿ ಪಳಗಿದ ಹಿರಿಯರು ಇಂಥ ಮಾತಿಗೆ ಮೊದಲು ಕೇಳುವುದು ಬೇರೆಯೇ: "ಯಾವುದರಾಗ ದೊಡ್ಡಾಂವ? ಅದನ್ನ ಮೊದಲ ಹೇಳ್ರಿ."

ಈ ಪ್ರಶ್ನೆ ಈ ನೆಲದಲ್ಲಿ ಹಳೆಯದು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಮೂವರೂ 18ನೆಯ ಶತಮಾನದಲ್ಲಿ ಒಂದೇ ಪರಂಪರೆಯಲ್ಲಿ ಹಾಡಿದವರು. ಇವರಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂದು ಇಲ್ಲಿನ ಜನ ತಕ್ಕಡಿ ಹಿಡಿಯಲಿಲ್ಲ. ಗೋಪಾಲದಾಸರ ಮೂಲ ಹೆಸರು ಭಾಗಣ್ಣ. ‘ಭಕ್ತಿಯಲ್ಲಿ ಭಾಗಣ್ಣ’ ಎಂಬ ಮಾತು ಇಂದಿಗೂ ಮನೆಮಾತು. ಸುಳಾದಿ ಅಂದರೆ ವಿಜಯದಾಸರು. ಹರಿಕಥಾಮೃತಸಾರದಂಥ ದೊಡ್ಡ ಕೃತಿಯನ್ನು ಕಟ್ಟಿ ನಿಲ್ಲಿಸಿದವರು ಜಗನ್ನಾಥದಾಸರು. ಒಬ್ಬೊಬ್ಬರ ಹೆಚ್ಚಳವನ್ನು ಅದರದರ ಜಾಗದಲ್ಲಿಟ್ಟು ನೋಡುವ ಈ ಕ್ರಮ ಜಾಝ್-ರಾಕ್ ಅಭಿಮಾನಿಗಳಿಗೆ ತುಂಬ ಬೇಕಾದದ್ದು. ಹಾಗೆ ನೋಡಿದಾಗ ಈ ವಾದದಲ್ಲಿ ಸದಾ ಬಿಟ್ಟುಹೋಗುವ, ಬೆಂಗಳೂರಿನ ಒಂದು ಹೆಸರು ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಹೋಗುವ ಮೊದಲು ಜಗಳದ ಮೂಲ ತಿಳಿಯಬೇಕು.

1969ರ ಫೆಬ್ರುವರಿ 18ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಕೆಲವರನ್ನು ಕೂರಿಸಿಕೊಂಡು ‘ಇನ್ ಎ ಸೈಲೆಂಟ್ ವೇ’ ಎಂಬ ಆಲ್ಬಮ್ ಮುದ್ರಿಸಿದರು. ಕೀಬೋರ್ಡುಗಳ ಮುಂದೆ ಒಬ್ಬರಲ್ಲ, ಮೂವರು: ಹರ್ಬಿ ಹ್ಯಾನ್‌ಕಾಕ್, ಚಿಕ್ ಕೊರಿಯಾ, ಜೋ ಝಾವಿನುಲ್. ಸ್ಯಾಕ್ಸೋಫೋನ್ ವೇಯ್ನ್ ಶಾರ್ಟರ್ ಅವರದು. ಗಿಟಾರ್ ಹಿಡಿದವರು ಇಂಗ್ಲೆಂಡಿನಿಂದ ಆಗಷ್ಟೇ ಬಂದಿಳಿದಿದ್ದ ಜಾನ್ ಮೆಕ್ಲಾಫ್ಲಿನ್. ಗಿಟಾರ್ ನುಡಿಸಲು ಬಾರದವನ ಹಾಗೆ ನುಡಿಸು ಎಂದು ಮೈಲ್ಸ್ ಅವರಿಗೆ ಹೇಳಿದ್ದು ಜಾಝ್ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಅದೇ ವರ್ಷದ ಆಗಸ್ಟ್ 19ರಿಂದ 21ರವರೆಗೆ ‘ಬಿಚಸ್ ಬ್ರೂ’ ಮುದ್ರಣವಾಯಿತು. ಲಕ್ಷಾಂತರ ಜನ ಸೇರಿದ್ದ ವುಡ್‌ಸ್ಟಾಕ್ ರಾಕ್ ಉತ್ಸವ ಮುಗಿದು ಒಂದೇ ದಿನವಾಗಿತ್ತು.

‘ಇನ್ ಎ ಸೈಲೆಂಟ್ ವೇ’ ಮುದ್ರಿಸಿದ ಆ ಒಂದು ಕೋಣೆಯಲ್ಲಿದ್ದವರ ಮುಂದಿನ ದಾರಿ ನೋಡಿ. ಝಾವಿನುಲ್ ಮತ್ತು ಶಾರ್ಟರ್ 1970ರಲ್ಲಿ ವೆದರ್ ರಿಪೋರ್ಟ್ ಕಟ್ಟಿದರು. ಮೆಕ್ಲಾಫ್ಲಿನ್ 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಶುರು ಮಾಡಿದರು. ಕೊರಿಯಾ 1972ರಲ್ಲಿ ರಿಟರ್ನ್ ಟು ಫಾರೆವರ್, ಹ್ಯಾನ್‌ಕಾಕ್ 1973ರಲ್ಲಿ ಹೆಡ್‌ಹಂಟರ್ಸ್. ಅಭಿಮಾನಿಗಳು ಎದುರು ಬದುರು ನಿಲ್ಲಿಸಿ ಕಾದಾಡಿಸುವ ನಾಲ್ಕೂ ಬ್ಯಾಂಡುಗಳ ಮುಖ್ಯಸ್ಥರು ಒಬ್ಬನೇ ಗುರುವಿನ ಮುಂದೆ ಕೂತವರು. ಧಾರವಾಡದ ಕಡೆಯ ಕೇಳುಗರು ಭೀಮಸೇನ ಜೋಶಿ ಹೆಚ್ಚೋ ಗಂಗೂಬಾಯಿ ಹಾನಗಲ್ಲರು ಹೆಚ್ಚೋ ಎಂದು ವಾದಿಸುವಾಗ ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು ಎಂಬುದನ್ನು ಮರೆಯುವುದಿಲ್ಲ. ಗುರುವಿನಿಂದ ಯಾರು ಏನನ್ನು ತೆಗೆದುಕೊಂಡರು ಎಂಬುದರ ಮೇಲೆಯೇ ಅಲ್ಲಿ ಚರ್ಚೆ ನಡೆಯುತ್ತದೆ. ಮೈಲ್ಸ್ ಶಿಷ್ಯರನ್ನೂ ಹಾಗೆಯೇ ಕೇಳಬೇಕು.

ವೆದರ್ ರಿಪೋರ್ಟ್ ತೆಗೆದುಕೊಂಡದ್ದು ಕೂಡಿ ನುಡಿಸುವ ಗುಣವನ್ನು. ಒಬ್ಬ ಮುಂದೆ ಬಂದು ನುಡಿಸುವುದು, ಉಳಿದವರು ಹಿಂದೆ ಠೇಕಾ ಹಿಡಿಯುವುದು ಜಾಝ್‌ನ ರೂಢಿ. ಈ ಬ್ಯಾಂಡಿನ ಮೊದಲ ಆಲ್ಬಮ್‌ಗಳಲ್ಲಿ ಆ ರೂಢಿ ಕರಗಿಹೋಗುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. 1976ರಲ್ಲಿ ಜಾಕೋ ಪಾಸ್ಟೋರಿಯಸ್ ಎಂಬ ಹುಡುಗ ಮನೆಗಳಿಲ್ಲದ (ಫ್ರೆಟ್ ಇಲ್ಲದ) ಬೇಸ್ ಗಿಟಾರ್ ಹಿಡಿದು ಸೇರಿಕೊಂಡ. ಮನೆಗಳಿಲ್ಲದ್ದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಮೀಂಡ್ ಎಳೆಯಬಹುದು. ಅದುವರೆಗೆ ನೆಲ ಕಾಯುತ್ತಿದ್ದ ಬೇಸ್ ಹಾಡತೊಡಗಿತು. 1977ರ ‘ಹೆವಿ ವೆದರ್’ ಆಲ್ಬಮ್‌ನ ‘ಬರ್ಡ್‌ಲ್ಯಾಂಡ್’ ಕೇಳಿದವರು ಮಾರನೆಯ ದಿನವೂ ಅದನ್ನು ಗುನುಗುತ್ತಿರುತ್ತಾರೆ. ಜಾಕೋ 1987ರಲ್ಲಿ, 35ನೆಯ ವಯಸ್ಸಿನಲ್ಲಿ, ಫ್ಲಾರಿಡಾದ ಒಂದು ಕ್ಲಬ್ಬಿನ ಹೊರಗೆ ತಿಂದ ಹೊಡೆತದಿಂದ ತೀರಿಕೊಂಡ. ಆ ದುಃಖ ಅಭಿಮಾನಿಗಳ ಮತದಲ್ಲಿ ಸೇರಿಕೊಂಡಿರುವುದು ನಿಜ. ಆದರೂ ಕೂಡಿ ನುಡಿಸುವ ವಿಷಯದಲ್ಲಿ, ಹದಿನಾರು ವರ್ಷ ಬಾಳಿದ ವಿಷಯದಲ್ಲಿ, ನಾಲ್ಕು ಬ್ಯಾಂಡುಗಳೊಳಗೆ ವೆದರ್ ರಿಪೋರ್ಟ್‌ಗೆ ಎದುರಿಲ್ಲ.

ಹೆಡ್‌ಹಂಟರ್ಸ್ ಕುಣಿಸುವುದರಲ್ಲಿ ದೊಡ್ಡದು. ರಿಟರ್ನ್ ಟು ಫಾರೆವರ್ ರಚನೆಯಲ್ಲಿ, ಅದರಲ್ಲೂ 1976ರ ‘ರೊಮ್ಯಾಂಟಿಕ್ ವಾರಿಯರ್’ನಲ್ಲಿ. ಅಲ್ ಡಿ ಮಿಯೋಲಾ 19ನೆಯ ವಯಸ್ಸಿಗೆ ಈ ಬ್ಯಾಂಡ್ ಸೇರಿ ಗಿಟಾರಿನಲ್ಲಿ ತೋರಿದ ಕೈಚಳಕಕ್ಕೆ ಇಂದಿಗೂ ಹುಡುಗರು ಮರುಳಾಗುತ್ತಾರೆ. ನನಗೆ ಆ ಚಳಕ ಬೇಗ ದಣಿವು ತರುತ್ತದೆ.

ಮಹಾವಿಷ್ಣು ಆರ್ಕೆಸ್ಟ್ರಾದ ಬಗ್ಗೆ ನಿಧಾನವಾಗಿ ಹೇಳಬೇಕು. ಹೆಸರು ಕೊಟ್ಟವರು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಶ್ರೀ ಚಿನ್ಮಯ್. ಮೆಕ್ಲಾಫ್ಲಿನ್ ಆಗ ಅವರ ಶಿಷ್ಯ. ಐದು ಜನರಲ್ಲಿ ಮೆಕ್ಲಾಫ್ಲಿನ್ ಇಂಗ್ಲೆಂಡಿನವರು, ಡ್ರಮ್ಸ್‌ನ ಬಿಲ್ಲಿ ಕಾಬಮ್ ಪನಾಮಾದಲ್ಲಿ ಹುಟ್ಟಿದವರು, ಕೀಬೋರ್ಡಿನ ಯಾನ್ ಹ್ಯಾಮರ್ ಪ್ರಾಗ್‌ನವರು, ಪಿಟೀಲಿನ ಜೆರ್ರಿ ಗುಡ್‌ಮನ್ ಅಮೆರಿಕದವರು, ಬೇಸ್ ನುಡಿಸಿದ ರಿಕ್ ಲೇಯರ್ಡ್ ಐರ್ಲೆಂಡಿನವರು. 1971ರ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’, 1973ರ ‘ಬರ್ಡ್ಸ್ ಆಫ್ ಫೈರ್’, ಆಮೇಲೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಮುದ್ರಿಸಿದ ಒಂದು ಕಛೇರಿ. ಅಷ್ಟರಲ್ಲಿ ರಚನೆ ಯಾರ ಹೆಸರಿಗೆ ಎಂಬ ಮನಸ್ತಾಪ ಬೆಳೆದು 1973ರ ಕೊನೆಗೆ ಐವರೂ ಬೇರೆಯಾದರು. ಮೂರು ವರ್ಷವೂ ತುಂಬದ ಬಾಳ್ವೆ.

ಇವರ ಅಭಿಮಾನಿಗಳು ಸಾಮಾನ್ಯವಾಗಿ ವೇಗವನ್ನು ಹೊಗಳುತ್ತಾರೆ. ವೇಗ ಇದೆ, ಅಬ್ಬರವೂ ಇದೆ. ಆದರೆ ಆ ಬ್ಯಾಂಡಿನ ನಿಜವಾದ ಬಲ ಲಯದಲ್ಲಿದೆ. ‘ಬರ್ಡ್ಸ್ ಆಫ್ ಫೈರ್’ ಶೀರ್ಷಿಕೆಯ ರಚನೆಯನ್ನು ಹಾಕಿ ಕೂತುಕೊಳ್ಳಿ. ಮೊದಲು ಒಂದು ದೊಡ್ಡ ಜಾಗಟೆಯ ನಾದ. ಅದರ ಅಲೆ ಅಡಗುವ ಮುನ್ನ ಹನ್ನೆರಡು ತಂತಿಯ ಗಿಟಾರಿನಲ್ಲಿ ಒಂದು ಓಟ ಶುರುವಾಗುತ್ತದೆ. ರಾಕ್ ಕೇಳಿದ ಕಾಲು ನಾಲ್ಕಕ್ಕೆ ತಾಳ ಹಾಕಲು ಹೋಗಿ ತಪ್ಪುತ್ತದೆ, ಏಕೆಂದರೆ ಆವರ್ತ 18 ಮಾತ್ರೆಯದು. ನಾನು ಅದನ್ನು ಬೆರಳಲ್ಲಿ ಹಿಡಿಯುವುದು ಹೀಗೆ: ‘ತದಿಗಿಣತೊಂ’ ಮೂರು ಸಲ, ಕೊನೆಗೊಂದು ‘ತಕಿಟ’. ಐದು, ಐದು, ಐದು, ಮೂರು. ನಾಲ್ಕಾರು ಆವರ್ತ ಹೀಗೆ ಬಾಯಲ್ಲಿ ಹೇಳುತ್ತ ಹೋದರೆ ಗೊಂದಲದ ಹಾಗೆ ಕೇಳುತ್ತಿದ್ದದ್ದು ಒಮ್ಮೆಲೇ ತೆರೆದುಕೊಳ್ಳುತ್ತದೆ. ಪಿಟೀಲು ಎಲ್ಲಿ ಹತ್ತುತ್ತದೆ, ಡ್ರಮ್ಸ್ ಎಲ್ಲಿ ಬೇಕೆಂದೇ ಸಮ್ (ಆವರ್ತದ ಮೊದಲ ಮಾತ್ರೆ) ಬಿಟ್ಟು ಆಚೆ ಬೀಳುತ್ತದೆ, ಎಲ್ಲ ಕಾಣುತ್ತದೆ. ಇಷ್ಟೆಲ್ಲ ನಡೆಯುವಾಗ ಕೆಳಗೆ ಅಲುಗದೆ ನಿಂತಿರುವುದು ಲೇಯರ್ಡ್ ಅವರ ಬೇಸ್. ಶ್ರೇಷ್ಠತೆಯ ಪಟ್ಟಿಗಳಲ್ಲಿ ಅವರ ಹೆಸರು ಬರುವುದೇ ಅಪರೂಪ. ಆ ನಿಲುವು ಇಲ್ಲದಿದ್ದರೆ ಉಳಿದ ನಾಲ್ವರ ಹಾರಾಟಕ್ಕೆ ನೆಲವೇ ಇರುತ್ತಿರಲಿಲ್ಲ.

ಪಾಶ್ಚಾತ್ಯ ವಿಮರ್ಶಕರಿಗೆ ಈ ಲೆಕ್ಕ ಬೆರಗು ಹುಟ್ಟಿಸಿತು. ಚೀಕಲಪರ್ವಿಯ ನೆರೆಯವರಿಗೆ ಲೆಕ್ಕ ಅಪರಿಚಿತವಲ್ಲ. ಸುಳಾದಿ ಎಂಬ ರಚನೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದೊಂದು ನುಡಿಗೂ ಒಂದೊಂದು ತಾಳ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ರೂಢಿಯ ಜಾತಿಗಳಲ್ಲಿ ಎಣಿಸಿದರೆ ಅಕ್ಷರಗಳು ಕ್ರಮವಾಗಿ 14, 10, 6, 10, 7, 14, 4. ಕೊನೆಯಲ್ಲಿ ಎರಡು ಸಾಲಿನ ಜತೆ. ಎಲ್ಲ ಸುಳಾದಿಯಲ್ಲೂ ಏಳೂ ತಾಳ ಇರಲೇಬೇಕೆಂದಿಲ್ಲ, ಆದರೆ ಒಂದೇ ರಚನೆಯೊಳಗೆ ತಾಳ ಬದಲಾಯಿಸುತ್ತ ಸಾಗುವುದೇ ಅದರ ಪ್ರಾಣ. 1682ರಿಂದ 1755ರವರೆಗೆ ಬಾಳಿದ ವಿಜಯದಾಸರು ಈ ರೂಪವನ್ನು ಎತ್ತರಕ್ಕೆ ಒಯ್ದರು. ಇಂದು ಹೆಚ್ಚಿನ ಕಡೆ ಸುಳಾದಿಗಳು ಪಾರಾಯಣದ ಧಾಟಿಯಲ್ಲೇ ಕೇಳಿಬರುತ್ತವೆ, ತಾಳ ಹಿಡಿದು ಹಾಡುವವರು ವಿರಳ. ಅದು ನಮ್ಮ ನಷ್ಟ. ಹತ್ತು ಮಾತ್ರೆಯಿಂದ ಆರಕ್ಕೆ, ಏಳರಿಂದ ಹದಿನಾಲ್ಕಕ್ಕೆ ಜಾರುವ ಸುಖ ಕಿವಿಗೆ ಒಮ್ಮೆ ಹತ್ತಿದರೆ ಮಹಾವಿಷ್ಣುವಿನ ಸಂಗೀತ ಪರಕೀಯ ಅನ್ನಿಸುವುದಿಲ್ಲ.

ಮೆಕ್ಲಾಫ್ಲಿನ್ ಈ ಲೆಕ್ಕವನ್ನು ಎಲ್ಲಿಂದ ಕಲಿತರು ಎಂಬುದಕ್ಕೆ ಉತ್ತರ ಸ್ಪಷ್ಟ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ವಾಂಸ ಎಸ್. ರಾಮನಾಥನ್ ಅವರ ಬಳಿ ಅವರು ವೀಣೆ ಕಲಿತರು. ಬಾಯಲ್ಲಿ ಜತಿ ಹೇಳುವ ಕೊನ್ನಕ್ಕೋಲ್ ಕಲಿತರು. ಐವರ ಆ ಮೊದಲ ಮಹಾವಿಷ್ಣು ಮುರಿದ ಮೇಲೆ ಎಲೆಕ್ಟ್ರಿಕ್ ಗಿಟಾರನ್ನು ಬದಿಗಿಟ್ಟು, ಪಿಟೀಲಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟದ ಟಿ.ಎಚ್. ವಿನಾಯಕರಾಮ್ ಅವರ ಜೊತೆ ‘ಶಕ್ತಿ’ ಕಟ್ಟಿದರು. 1975ರ ಜುಲೈನಲ್ಲಿ ನಡೆದ ಒಂದು ಕಛೇರಿಯೇ ಅವರ ಮೊದಲ ಆಲ್ಬಮ್ ಆಯಿತು. ಮೆಕ್ಲಾಫ್ಲಿನ್ ಅವರಿಗಾಗಿ ಗಿಬ್ಸನ್ ಕಂಪನಿಯಲ್ಲಿ ಬೇರೆಯೇ ಗಿಟಾರ್ ತಯಾರಾಯಿತು: ನುಡಿಸುವ ತಂತಿಗಳ ಅಡಿಯಲ್ಲಿ ಓರೆಯಾಗಿ ಏಳು ತರಬ್ ತಂತಿಗಳು; ಮನೆಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದ ಹಲಗೆ. ತಗ್ಗಿದ್ದರೆ ತಂತಿಯನ್ನು ಒತ್ತಿ ಎಳೆದು ಗಮಕ ತರಬಹುದು, ವೀಣೆಯಲ್ಲಿ ತರುವ ಹಾಗೆ. ರಾಗವನ್ನು ಮೇಲುಮೇಲಕ್ಕೆ ಬಳಸಿಕೊಳ್ಳುವವನು ವಾದ್ಯವನ್ನೇ ಬದಲಿಸುವ ಗೋಜಿಗೆ ಹೋಗುವುದಿಲ್ಲ.

ತಬಲಾ ಮತ್ತು ಘಟ ಒಂದೇ ವೇದಿಕೆಯಲ್ಲಿ ಕೂತದ್ದೂ ಸಣ್ಣ ಮಾತಲ್ಲ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶದ ನಮಗೆ ಅದು ಚೆನ್ನಾಗಿ ಅರ್ಥವಾಗಬೇಕು. ದಾಸರ ಪದವನ್ನು ಪೇಟಿ ತಬಲಾದೊಂದಿಗೆ ಹಿಂದೂಸ್ತಾನಿ ರಾಗದಲ್ಲಿ ಹಾಡುವವರು ನಾವು. ಅದೇ ಪದವನ್ನು ತೆಂಕಣದವರು ಮೃದಂಗದೊಂದಿಗೆ ಬೇರೆ ಚಾಲಿನಲ್ಲಿ ಹಾಡುತ್ತಾರೆ. ರಾಯಚೂರಿನ ರಂಗಮಂದಿರ ಹೊತ್ತಿರುವ ಹೆಸರು ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿ ಅವರದು. ಎರಡೂ ಪದ್ಧತಿಗಳ ಗಡಿಯಲ್ಲಿ ಬೆಳೆದ ಕಿವಿಗೆ ಶಕ್ತಿಯ ಸವಾಲ್-ಜವಾಬು ಬರೀ ಚಮತ್ಕಾರವಲ್ಲ. ತಬಲಾದ ಮುಕ್ತಾಯದ ತಿಹಾಯಿಗೆ ಘಟ ತನ್ನ ಮುಕ್ತಾಯದ ಮೋರದಿಂದ ಉತ್ತರ ಕೊಟ್ಟು ಇಬ್ಬರೂ ಒಂದೇ ಸಮ್‌ಗೆ ಬಂದು ಬಿದ್ದಾಗ, ಗಡಿಯ ಎರಡೂ ಬದಿಯ ಲೆಕ್ಕ ಒಂದೇ ಎಂದು ಕಿವಿಗೇ ಗೊತ್ತಾಗುತ್ತದೆ.

ಇಷ್ಟರವರೆಗೆ ಹೇಳಿದ್ದು ಅಭಿಮಾನಿಗಳಿಗೆ ಗೊತ್ತಿರುವ ಹೆಸರುಗಳು. ಗೊತ್ತಿಲ್ಲದ್ದು, ಗೊತ್ತಿರಲೇಬೇಕಾದದ್ದು, ಕರ್ನಾಟಕ ಕಾಲೇಜ್ ಆಫ್ ಪರ್ಕಶನ್.

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಈ ಸಂಸ್ಥೆ ಕಟ್ಟಿದರು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಕೊನ್ನಕ್ಕೋಲ್ ಇಲ್ಲಿನ ಪಾಠ. ತಾಳವಾದ್ಯಗಳೇ ಮುಂದೆ ನಿಲ್ಲುವ ‘ತಾಳ ತರಂಗಿಣಿ’ ಎಂಬ ವೃಂದ ಇಲ್ಲಿಂದ ಹೊರಟಿತು. ಮಣಿಯವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಅದರ ದನಿ. ಅತ್ತ 1969ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಎಂಬ್ರಿಯೋ ಎಂಬ ಜಾಝ್-ರಾಕ್ ಬ್ಯಾಂಡ್ ಹುಟ್ಟಿತ್ತು. ಆ ಬ್ಯಾಂಡಿನವರು 1978ರಲ್ಲಿ ಬಸ್ಸು ಹತ್ತಿ, ದಾರಿಯುದ್ದಕ್ಕೂ ಸಿಕ್ಕ ಸಂಗೀತಗಾರರ ಜೊತೆ ನುಡಿಸುತ್ತ, ನೆಲದ ಹಾದಿಯಲ್ಲೇ ಭಾರತಕ್ಕೆ ಬಂದರು. ಅದೇ ಬ್ಯಾಂಡಿನಿಂದ ಹೊರಬಂದವರು ಡಿಸಿಡೆಂಟನ್ ಎಂಬ ಹೊಸ ಬ್ಯಾಂಡ್ ಕಟ್ಟಿ, 1982ರಲ್ಲಿ ತಮ್ಮ ಮೊದಲ ಆಲ್ಬಮ್ ‘ಜರ್ಮನಿಸ್ತಾನ್’ ಅನ್ನು ಮಣಿಯವರ ಸಂಸ್ಥೆಯ ಜೊತೆಗೇ ಮಾಡಿದರು. ಬೆಂಗಳೂರಿನ ಮೃದಂಗ ಅಲ್ಲಿ ಅಲಂಕಾರಕ್ಕೆ ಕೂತಿಲ್ಲ. ಅದನ್ನು ತೆಗೆದರೆ ಆಲ್ಬಮ್ ಕುಸಿಯುತ್ತದೆ.

1983ರಲ್ಲಿ ಇದೆಲ್ಲಕ್ಕಿಂತ ದೊಡ್ಡದು ಬಂತು. ಬಾಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ ಚಾರ್ಲಿ ಮರಿಯಾನೋ ಜಾಝ್ ಸ್ಯಾಕ್ಸೋಫೋನಿನ ದೊಡ್ಡ ಹೆಸರು. ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಆಲ್ಬಮ್‌ನಲ್ಲಿ ನುಡಿಸಿದವರು, ಎಂಬ್ರಿಯೋ ಜೊತೆಗೂ ನುಡಿಸಿದವರು. ಐವತ್ತರ ಆಸುಪಾಸಿನಲ್ಲಿ ಭಾರತಕ್ಕೆ ಬಂದು ನಾಗಸ್ವರ ಕಲಿಯಲು ಕೂತರು. ಅವರೂ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನವರೂ ಸೇರಿ ಜರ್ಮನಿಯ ಇಸಿಎಂ ಕಂಪನಿಗೆ ಕೊಟ್ಟ ಆಲ್ಬಮ್ ‘ಜ್ಯೋತಿ’. ಅದರಲ್ಲಿ ಎಲೆಕ್ಟ್ರಿಕ್ ಗಿಟಾರಿಲ್ಲ, ಕೀಬೋರ್ಡಿಲ್ಲ, ಡ್ರಮ್ಸ್ ಇಲ್ಲ. ಮರಿಯಾನೋ ಅವರ ಸ್ಯಾಕ್ಸೋಫೋನ್, ಕೊಳಲು. ರಮಾಮಣಿಯವರ ಕಂಠ, ತಂಬೂರಿ. ಮೃದಂಗ, ಘಟ, ಖಂಜಿರ, ಮೋರ್ಸಿಂಗ್. ಬಾಯಿಂದ ಬರುವ ಜತಿಗಳು. ಸ್ಯಾಕ್ಸೋಫೋನು ರಮಾಮಣಿಯವರ ಸ್ವರವನ್ನು ಹಿಂಬಾಲಿಸುವ ರೀತಿ ಗಮನಿಸಿ. ಅರವತ್ತರ ಹತ್ತಿರದ ಪಳಗಿದ ವಾದಕ ಮುಂದೆ ನುಗ್ಗುವುದಿಲ್ಲ. ಗಾಯಕಿ ಒಂದು ಪದಪುಂಜ ಹಾಡಿ ಬಿಡುತ್ತಾರೆ. ಅದು ಪೂರ್ತಿ ಮುಗಿಯುವವರೆಗೆ ಕಾದು, ಅದೇ ಸ್ವರದ ಅಂಚು ಹಿಡಿದು ಆತ ಒಳಗೆ ಬರುತ್ತಾರೆ. ಕಲಿಯಲು ಕೂತವನ ತಾಳ್ಮೆ ಆ ಉಸಿರಿನಲ್ಲಿದೆ. ಈ ಒಡನಾಟ ಒಂದು ಆಲ್ಬಮ್‌ಗೆ ಮುಗಿಯಲಿಲ್ಲ. ಮರಿಯಾನೋ 2009ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು, ಮಣಿಯವರು 2020ರಲ್ಲಿ.

ಶ್ರೇಷ್ಠರ ಪಟ್ಟಿಗಳಲ್ಲಿ ಈ ಹೆಸರು ಯಾಕಿಲ್ಲ? ಮಾರಾಟ ಒಂದು ಕಾರಣ. ಇವರ ರೆಕಾರ್ಡುಗಳು ಯುರೋಪಿನ ಸಣ್ಣ ಕೇಳುಗ ವರ್ಗದಾಚೆ ಹೋಗಲಿಲ್ಲ. ಎರಡನೆಯದು ನಮ್ಮ ಮನೆಯದೇ. ತಾಳವಾದ್ಯವನ್ನು ‘ಪಕ್ಕವಾದ್ಯ’ ಎಂದು ಕರೆದು ಪಕ್ಕದಲ್ಲೇ ಕೂರಿಸಿದವರು ನಾವು. ಲಯವಾದ್ಯಗಳ ವೃಂದವೊಂದು ಜಗತ್ತಿನ ದೊಡ್ಡ ಬ್ಯಾಂಡುಗಳ ಸಾಲಿನಲ್ಲಿ ನಿಲ್ಲಬಹುದು ಎಂಬ ಯೋಚನೆಯೇ ನಮಗೆ ಬರಲಿಲ್ಲ. ಕರ್ನಾಟಕದ ಹೆಸರನ್ನೇ ಹೊತ್ತ ಬ್ಯಾಂಡಿನ ಬಗ್ಗೆ ಕನ್ನಡದಲ್ಲಿ ಬಂದದ್ದು ತೀರಾ ಕಡಿಮೆ. ಇದು ನನಗೆ ನೋವಿನ ಸಂಗತಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಗಿಟಾರ್, ಡ್ರಮ್ಸ್ ಎರಡೂ ಇಲ್ಲದ ‘ಜ್ಯೋತಿ’ ಜಾಝ್-ರಾಕ್ ಹೇಗಾದೀತು? ಶಕ್ತಿಯಾದರೂ ಹೇಗಾದೀತು? ಈ ಗಡಿ ಮೊದಲಿಂದಲೂ ಕಲಸಿಕೊಂಡಿದೆ. ಅಮೆರಿಕದಲ್ಲಿ ಆ ಹೆಸರು ಮೊದಲು ಅಂಟಿದ್ದು ರಾಕ್ ಹಾಡುಗಳಿಗೆ ತುತ್ತೂರಿ ಸೇರಿಸಿದ ಬ್ಲಡ್ ಸ್ವೆಟ್ ಅಂಡ್ ಟಿಯರ್ಸ್, ಶಿಕಾಗೋದಂಥ ಬ್ಯಾಂಡುಗಳಿಗೆ. ಬ್ಲಡ್ ಸ್ವೆಟ್ ಅಂಡ್ ಟಿಯರ್ಸ್‌ನ ಆಲ್ಬಮ್ 1970ರಲ್ಲಿ ಬೀಟಲ್ಸ್‌ನ ‘ಆಬಿ ರೋಡ್’ ಅನ್ನು ಹಿಂದಿಕ್ಕಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಗೆದ್ದಿತು. ರಾಕ್ ಕಡೆಯಿಂದ ಜಾಝ್‌ಗೆ ಬಂದವರು ಅವರು. ಮೈಲ್ಸ್ ಶಿಷ್ಯರು ಜಾಝ್ ಕಡೆಯಿಂದ ರಾಕ್‌ಗೆ ಹೋದವರು. ಮೂರನೆಯ ದಾರಿಯೊಂದು ಬೆಂಗಳೂರು, ಚೆನ್ನೈ, ಮುಂಬೈಗಳ ಮೂಲಕ ಹಾದುಹೋಗುತ್ತದೆ. ವಿದ್ಯುತ್ತಿನ ವಾದ್ಯ ಇದೆಯೋ ಇಲ್ಲವೋ ಎಂಬುದನ್ನೇ ಗಡಿಕಲ್ಲು ಮಾಡಿಕೊಂಡರೆ ಮೆಕ್ಲಾಫ್ಲಿನ್ ಎಂಬ ಒಬ್ಬನೇ ಮನುಷ್ಯನ 1973 ಮತ್ತು 1975ರ ನಡುವೆ ಗೋಡೆ ಎತ್ತಬೇಕಾಗುತ್ತದೆ. ಆ ಗೋಡೆಯನ್ನು ನಾನು ಒಪ್ಪುವುದಿಲ್ಲ.

ಮೂರನೆಯ ದಾರಿಯಲ್ಲಿ ನಮ್ಮವರ ಹೆಜ್ಜೆಗಳು ಇನ್ನೂ ಇವೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರ ಬೊಂಬಾಯಿ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ಜೊತೆಗೆ ನುಡಿಸುವ ಆಸೆಯಿಂದ ವೇದಿಕೆ ಹಂಚಿಕೊಂಡರು. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ, ಭಾರತದಿಂದ ಹೋದ ತಂದೆ-ತಾಯಿಯ ಮಗ, ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ರೆಕಾರ್ಡು ತಂದುಕೊಟ್ಟ. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ: 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ತಂದರು. ಎರಡು ಸ್ಯಾಕ್ಸೋಫೋನುಗಳು, ಎರಡು ಉಸಿರಿನ ಕ್ರಮ. ಒಂದು ಗಮಕದಲ್ಲಿ ಬಾಗುತ್ತದೆ, ಇನ್ನೊಂದು ಮೂಲೆ ತಿರುಗಿ ಓಡುತ್ತದೆ. ಗೋಪಾಲನಾಥರು 2019ರ ಅಕ್ಟೋಬರ್‌ನಲ್ಲಿ ನಿಧನರಾದರು.

ಶಕ್ತಿ ಮತ್ತೆ ಸೇರಿ 2023ರಲ್ಲಿ ತಂದ ‘ದಿಸ್ ಮೊಮೆಂಟ್’ ಆಲ್ಬಮ್‌ಗೆ 2024ರ ಫೆಬ್ರುವರಿಯಲ್ಲಿ ಗ್ರ್ಯಾಮಿ ಬಂತು. ಅದೇ ವರ್ಷ ಡಿಸೆಂಬರ್ 15ರಂದು ಝಾಕಿರ್ ಹುಸೇನ್ ತೀರಿಕೊಂಡರು. ಕೊರಿಯಾ 2021ರಲ್ಲಿ, ಶಾರ್ಟರ್ 2023ರಲ್ಲಿ ಹೋಗಿದ್ದರು. ‘ಇನ್ ಎ ಸೈಲೆಂಟ್ ವೇ’ ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿರುವಾಗ ಅಭಿಮಾನಿಗಳ ವಾದಕ್ಕೆ ಇನ್ನಷ್ಟು ಬಿಸಿ ಏರಿದೆ.

ನನ್ನ ಮತ ಕೇಳಿದರೆ: ಕೂಡಿ ನುಡಿಸುವುದರಲ್ಲಿ ವೆದರ್ ರಿಪೋರ್ಟ್, ಲಯದ ಧೈರ್ಯದಲ್ಲಿ ಮೊದಲ ಮಹಾವಿಷ್ಣು. ಇನ್ನೊಬ್ಬರ ಸಂಗೀತವನ್ನು ಅದರ ಮನೆಗೇ ಹೋಗಿ ಕಲಿತು ತರುವುದರಲ್ಲಿ ಶಕ್ತಿ ಮತ್ತು ಮರಿಯಾನೋ-ಮಣಿ-ರಮಾಮಣಿಯವರ ಕೂಟ ಸರಿಸಮ. ಒಂದನ್ನೇ ಆರಿಸಬೇಕೆಂದರೆ ‘ಜ್ಯೋತಿ’ಯ ಕಡೆಗೆ ಕೈ ಎತ್ತುತ್ತೇನೆ. ಹೊಸದಾಗಿ ಕೇಳುವವರು ಅದರಿಂದ ಶುರು ಮಾಡುವುದು ಬೇಡ. ಮೊದಲು ‘ಬರ್ಡ್‌ಲ್ಯಾಂಡ್’, ಅದು ಯಾರನ್ನೂ ದೂರ ಇಡುವುದಿಲ್ಲ. ಆಮೇಲೆ ‘ಬರ್ಡ್ಸ್ ಆಫ್ ಫೈರ್’, ಬೆರಳೆಣಿಕೆಯೊಂದಿಗೆ. ಶಕ್ತಿಯ ಮೊದಲ ಆಲ್ಬಮ್ ಅನ್ನು ತಾಳ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ಊರಿನ ಭಜನಾ ಮಂಡಳಿಯ ತಬಲಾದವರಾದರೆ ಇನ್ನೂ ಒಳ್ಳೆಯದು, ಸಮ್ ಬಂದಲ್ಲಿ ಅವರ ತಲೆ ತಾನಾಗಿ ಆಡುತ್ತದೆ. ‘ಜ್ಯೋತಿ’ ಕೊನೆಗೆ. ಜೊತೆಗೆ ವಿಜಯದಾಸರ ಸುಳಾದಿಯೊಂದನ್ನು ತಾಳ ಹಿಡಿದು ಹಾಡುವವರು ಸಿಕ್ಕರೆ ಅದನ್ನೂ ಅದೇ ದಿನ ಕೇಳಿ.